ಗುಳಿಗೆ ಬಿಟ್ಟು ನಾಲ್ಕೂವರೆ ತಿಂಗಳು, ಇನ್ನೂ ಬಸಿರಿಲ್ಲ: ತಪ್ಪಿದ್ದು ಎಲ್ಲಿ?

ಪ್ರಶ್ನೆ: ನನಗೆ 29 ವರ್ಷ. ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಊರು. ಸೋದರತ್ತೆಯ ಮಗನನ್ನೇ ಮದುವೆಯಾಗಿ ನಾಲ್ಕು ವರ್ಷವಾಯ್ತು. ಬಿ.ಇಡಿ ಮುಗಿದು ಕೆಲಸ ಸಿಗುವವರೆಗೂ ಮಗು ಬೇಡ ಅಂತ ಆಶಾ ಅಕ್ಕ ಕೊಡುತ್ತಿದ್ದ ಮಾಲಾ-ಎನ್ ಗುಳಿಗೆ ತಿಂದೆ. ಮಾರ್ಚ್ 15ಕ್ಕೆ ಬಿಟ್ಟೆ, 18ಕ್ಕೆ ಮುಟ್ಟಾದೆ. ಆಮೇಲೆ 44 ದಿನಕ್ಕೆ ಒಮ್ಮೆ, 38ಕ್ಕೆ ಒಮ್ಮೆ, 37ಕ್ಕೆ ಒಮ್ಮೆ ಆಗಿದ್ದೇನೆ. ಗುಳಿಗೆ ತಿನ್ನುವಾಗ 28ಕ್ಕೆ ಸರಿಯಾಗಿ ಆಗುತ್ತಿತ್ತು. ಮದುವೆಗೆ ಮುಂಚೆ 35ರಿಂದ 40 ದಿನ ಹಿಡಿಯುತ್ತಿತ್ತು. 12ರಿಂದ 16ನೇ ದಿನ ಒಳ್ಳೆಯದು ಅಂದಿದ್ದರಿಂದ ಆ ದಿನಗಳಲ್ಲೇ ಸೇರುತ್ತೇವೆ. ನನ್ನ ನೆಗೆಣ್ಣಿ ಇದೇ ಗುಳಿಗೆ ಬಿಟ್ಟ ತಿಂಗಳಲ್ಲೇ ಬಸುರಾದಳು. ಅತ್ತೆ "ಗುಳಿಗಿ ತಿಂದು ತಿಂದು ಚೀಲ ಒಣಗ್ಯಾದ, ಒಮ್ಮೆ ತೊಳಿಸ್ಕೊಂಡು ಬಾ" ಅಂತಾರೆ. ಗಂಡನಿಗೆ ರೈಸ್ ಮಿಲ್ಲಿನ ಬಾಯ್ಲರ್ ಹತ್ತಿರ ಕೆಲಸ, ಗುಟ್ಕಾ ಚಟ ಇದೆ. ಮೊದಲ ಕೂಸಿಗಿಂತ ಮುಂಚೆ ಗುಳಿಗೆ ತಿಂದದ್ದು ತಪ್ಪಾಯಿತೇ? ಇನ್ನೂ ಎಷ್ಟು ಕಾಯಬೇಕು?

ಉತ್ತರ: ಗರ್ಭಚೀಲ ಒಣಗಿಲ್ಲ, ತೊಳೆಸುವುದೂ ಬೇಡ. ನೀವೇ ಬರೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಸಿರಾಗದಿರುವುದಕ್ಕೆ ಗುಳಿಗೆಗಿಂತ ಬಹಳ ಸರಳವಾದ ಕಾರಣ ಕಾಣುತ್ತದೆ. ಅದಕ್ಕೆ ಬರುವ ಮುಂಚೆ ಗುಳಿಗೆ ಒಳಗೆ ಏನು ಮಾಡುತ್ತಿತ್ತು ಅನ್ನುವುದು ಗೊತ್ತಿರಬೇಕು. ಅದು ಗೊತ್ತಾದರೆ ಅತ್ತೆಯವರಿಗೂ ನೀವೇ ಹೇಳಬಹುದು.

ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ ಇರುತ್ತವೆ. ಅದರಲ್ಲಿ 21ರಲ್ಲಿ ಮಾತ್ರ ಹಾರ್ಮೋನು: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ. ಉಳಿದ ಬಣ್ಣದ ಏಳು ಬರೀ ಕಬ್ಬಿಣದ ಗುಳಿಗೆ. ಈ ಹಾರ್ಮೋನು ದಿನಾ ಹೊಟ್ಟೆಗೆ ಹೋದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ. ಅಂಡಾಶಯಕ್ಕೆ "ಮೊಟ್ಟೆ ಬೆಳೆಸು" ಅನ್ನುವ ಎಫ್‌ಎಸ್‌ಎಚ್, "ಈಗ ಬಿಡು" ಅನ್ನುವ ಎಲ್‌ಎಚ್ ಎರಡೂ ಇಳಿಯುತ್ತವೆ. ಮೊಟ್ಟೆ ಬಿಡುಗಡೆಯಾಗುವುದಿಲ್ಲ. ಜೊತೆಗೆ ಗರ್ಭಚೀಲದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣು ಒಳಗೆ ಹೋಗಲು ದಾರಿ ಸಿಗದು, ಚೀಲದ ಒಳಪದರವೂ ತೆಳುವಾಗಿರುತ್ತದೆ. ಮೂರೂ ತಾತ್ಕಾಲಿಕ. ಬಣ್ಣದ ಗುಳಿಗೆ ನುಂಗುವ ವಾರ ಹಾರ್ಮೋನು ಸಿಗದೆ ಆ ತೆಳು ಪದರ ಕಳಚಿ ಬೀಳುತ್ತದಲ್ಲ, ಅದನ್ನೇ ನೀವು ಮುಟ್ಟು ಅಂದುಕೊಂಡಿದ್ದೀರಿ. 28 ದಿನ ಅನ್ನುವುದು ಪಟ್ಟಿಯ ಲೆಕ್ಕ, ನಿಮ್ಮ ಮೈಯ ಲೆಕ್ಕವಲ್ಲ. ಮಾರ್ಚ್ 18ರ ಮುಟ್ಟು ಕೂಡ ಪಟ್ಟಿಯದೇ.

ಗುಳಿಗೆ ಮೈಯಲ್ಲಿ ಕೂಡಿಕೊಂಡು ಕೂತಿರುತ್ತದೆ ಅನ್ನುವ ಮಾತಿಗೆ ಉತ್ತರ ಪಟ್ಟಿಯ ಹಿಂದೆಯೇ ಇದೆ. ಎರಡು ದಿನ ಮರೆತರೆ ಬೇರೆ ಜಾಗ್ರತೆ ಮಾಡಿಕೊಳ್ಳಿ ಅಂತ ಯಾಕೆ ಹೇಳುತ್ತಾರೆ? ನಾಲ್ಕು ವರ್ಷ ತಿಂದದ್ದು ಒಳಗೆ ಕೂಡಿದ್ದಿದ್ದರೆ ಎರಡು ದಿನ ತಪ್ಪಿದ್ದಕ್ಕೆ ಏನೂ ಆಗಬಾರದಿತ್ತು. ನಿಲ್ಲಿಸಿದ ಒಂದು ವಾರದೊಳಗೆ ಈ ಹಾರ್ಮೋನು ರಕ್ತದಿಂದ ಹೊರಟುಹೋಗಿರುತ್ತದೆ. ಪಿಟ್ಯುಟರಿ ಮತ್ತೆ ಕೆಲಸ ಶುರು ಮಾಡುತ್ತದೆ. ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಮೊದಲ ಮೊಟ್ಟೆ ಬಿಡುಗಡೆಯಾಗುತ್ತದೆ, ನಾಲ್ಕರಿಂದ ಆರು ವಾರದಲ್ಲಿ ಸ್ವಂತ ಮುಟ್ಟು ಬರುತ್ತದೆ. ಮೊಟ್ಟೆ ಮೊದಲು, ಮುಟ್ಟು ಆಮೇಲೆ ಅನ್ನುವುದನ್ನು ಗಮನಿಸಿ. ಹಾಗಾಗಿಯೇ ನಿಮ್ಮ ನೆಗೆಣ್ಣಿಯ ಹಾಗೆ ಮುಟ್ಟೇ ಕಾಣದೆ ಬಸುರಾಗುವವರು ಇದ್ದಾರೆ. ಅದು ಆಕೆಯ ಗುಳಿಗೆ ಒಳ್ಳೆಯದು, ನಿಮ್ಮದು ಕೆಟ್ಟದ್ದು ಅಂತಲ್ಲ.

ಎಷ್ಟು ವರ್ಷ ತಿಂದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಯುರೋಪಿನಲ್ಲಿ ಮಗು ಬೇಕೆಂದು ಗುಳಿಗೆ ಬಿಟ್ಟ 2,000ಕ್ಕೂ ಹೆಚ್ಚು ಹೆಂಗಸರನ್ನು ಹಿಂಬಾಲಿಸಿ ನೋಡಿದಾಗ 100ಕ್ಕೆ 21 ಮಂದಿ ಮೊದಲ ಮುಟ್ಟಿನ ಸುತ್ತಿನಲ್ಲೇ, 79 ಮಂದಿ ಒಂದು ವರ್ಷದೊಳಗೆ ಬಸುರಾಗಿದ್ದರು. ಗುಳಿಗೆಯನ್ನೇ ಮುಟ್ಟದವರ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಹೆಚ್ಚು ವರ್ಷ ತಿಂದವರು ಹಿಂದೆ ಬಿದ್ದಿರಲಿಲ್ಲ. ಮೊದಲ ಮಗುವಿಗೆ ಮುಂಚೆ ತಿಂದರೆ ಬಂಜೆತನ ಬರುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಗುಳಿಗೆಯ ಹೆಸರಿಗೆ ಕೆಟ್ಟದ್ದು ಬರುವುದು ಹೀಗೆ: 24ಕ್ಕೆ ಶುರು ಮಾಡಿ 36ಕ್ಕೆ ಬಿಟ್ಟವರಿಗೆ ಬಸಿರು ತಡವಾಗುತ್ತದೆ, ಆ 12 ವರ್ಷದ ವಯಸ್ಸು ಮಾಡಿದ ಕೆಲಸವನ್ನು ಗುಳಿಗೆಯ ತಲೆಗೆ ಕಟ್ಟುತ್ತಾರೆ. 25ರಿಂದ 29ಕ್ಕೆ ಬಂದ ನಿಮಗೆ ಆ ನಷ್ಟ ಲೆಕ್ಕಕ್ಕಿಲ್ಲ. 35 ದಾಟಿದ ಮೇಲೆ ಇಳಿಜಾರು ಕಡಿದು.

ಈಗ ಆ 12ರಿಂದ 16ನೇ ದಿನದ ಮಾತು.

ಮೊಟ್ಟೆ ಬಿಡುಗಡೆಯಾಗುವುದು ಕಳೆದ ಮುಟ್ಟಿನಿಂದ 14ನೇ ದಿನವಲ್ಲ, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 28 ದಿನಕ್ಕೆ ಆಗುವವರಿಗೆ ಎರಡೂ ಒಂದೇ ದಿನಕ್ಕೆ ಬಂದು ಕೂರುವುದರಿಂದ ಈ ಗೊಂದಲ ಹುಟ್ಟಿದೆ. ಮೊಬೈಲ್ ಆ್ಯಪ್‌ಗಳೂ ಶುರುವಿಗೆ 28 ಅಂತಲೇ ಹಿಡಿಯುವುದುಂಟು. ನಿಮ್ಮ ಮೂರು ಸುತ್ತು ತೆಗೆದುಕೊಳ್ಳಿ. 44ರಲ್ಲಿ 14 ಕಳೆದರೆ 30ನೇ ದಿನ. 38ರಲ್ಲಿ 24ನೇ ದಿನ. 37ರಲ್ಲಿ 23ನೇ ದಿನ. ವೀರ್ಯಾಣು ಒಳಗೆ ಹೆಚ್ಚೆಂದರೆ ಐದು ದಿನ ಬದುಕಿರುತ್ತದೆ, ಮೊಟ್ಟೆ 12ರಿಂದ 24 ಗಂಟೆ ಮಾತ್ರ. ನೀವು ಕೊನೆಯದಾಗಿ ಸೇರಿದ್ದು 16ನೇ ದಿನ, ಅಂದರೆ ವೀರ್ಯಾಣುವಿನ ಆಯುಷ್ಯ 21ಕ್ಕೆ ಮುಗಿಯಿತು. ಮೂರು ತಿಂಗಳೂ ಮೊಟ್ಟೆ ಬಂದದ್ದು ಅದಾದ ಮೇಲೆ. ಲೆಕ್ಕದಲ್ಲಿ ಒಂದೆರಡು ದಿನ ಆಚೀಚೆ ಆಗಬಹುದು, ಆದರೂ ಚಿತ್ರ ಬದಲಾಗದು. ನಾಲ್ಕೂವರೆ ತಿಂಗಳು ಪ್ರಯತ್ನ ಮಾಡಿ ಸೋತಿದ್ದೀರಿ ಅಂದುಕೊಂಡಿದ್ದೀರಿ. ನಿಜವಾದ ಪ್ರಯತ್ನ ಇನ್ನೂ ಶುರುವೇ ಆಗಿಲ್ಲ.

ಮುಂದಿನ ಮುಟ್ಟಿನಿಂದ ಹೀಗೆ ಮಾಡಿ. ರಕ್ತ ಸರಿಯಾಗಿ ಹರಿಯಲು ಶುರುವಾದ ದಿನವನ್ನು 1 ಅಂತ ಬರೆದುಕೊಳ್ಳಿ, ಬರೀ ಕಲೆ ಕಂಡ ದಿನ ಎಣಿಸಬೇಡಿ. 16ನೇ ದಿನದಿಂದ 28ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿ. ಸುತ್ತು 36ರಿಂದ 40ರ ನಡುವೆ ಎಲ್ಲಿ ಮುಗಿದರೂ ಮೊಟ್ಟೆಯ ದಿನ ಇದರೊಳಗೆ ಸಿಕ್ಕಿಬೀಳುತ್ತದೆ. ದಿನಾ ಸೇರಿದರೂ ತೊಂದರೆಯಿಲ್ಲ. "ವೀರ್ಯ ಕೂಡಿಡಲಿ" ಅಂತ ಹತ್ತು ದಿನ ಬಿಡುವುದು ಮಾತ್ರ ಉಲ್ಟಾ ಕೆಲಸ. ಬಹಳ ದಿನ ನಿಂತ ವೀರ್ಯದಲ್ಲಿ ಚಲನೆ ಕಡಿಮೆಯಾಗಿರುತ್ತದೆ. ಗಂಡನಿಗೆ ರಾತ್ರಿ ಪಾಳಿ ಇದ್ದರೆ ಬೆಳಿಗ್ಗೆ ಬಂದ ಮೇಲೆ ಆದರೂ ಆದೀತು, ಹೊತ್ತಿಗೂ ಬಸಿರಿಗೂ ಸಂಬಂಧವಿಲ್ಲ. ಆಮೇಲೆ ಕಾಲು ಗೋಡೆಗೆ ಚಾಚಿ ಅರ್ಧ ತಾಸು ಮಲಗುವುದೂ ಬೇಕಿಲ್ಲ. ಎದ್ದಾಗ ಸ್ವಲ್ಪ ಹೊರಗೆ ಹರಿದರೆ "ಎಲ್ಲ ಹೋಯ್ತು" ಅಂತ ಹೆದರಬೇಡಿ, ಈಜಬೇಕಾದವು ಆಗಲೇ ಲೋಳೆ ದಾಟಿರುತ್ತವೆ.

ಮೈಯೂ ಒಂದು ಸುಳಿವು ಕೊಡುತ್ತದೆ. ಮೊಟ್ಟೆ ಬಿಡುಗಡೆಗೆ ಮುಂಚಿನ ಎರಡು ಮೂರು ದಿನ ಬಿಳಿ ಹೋಗುವುದು ಹೆಚ್ಚಿ, ಹಸಿ ಮೊಟ್ಟೆಯ ಬಿಳಿಯಂತೆ ತೆಳ್ಳಗೆ ಜಾರುತ್ತದೆ, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಬರುತ್ತದೆ. ಗುಳಿಗೆ ತಿನ್ನುವಾಗ ಇದು ಕಾಣಿಸದು, ಬಿಟ್ಟ ಮೇಲೆ ಕಂಡರೆ ಕೆಲವರು ಸೋಂಕು ಅಂತ ತಿಳಿದು ಅಂಗಡಿಯಿಂದ ಔಷಧ ತಂದು ಇಟ್ಟುಕೊಳ್ಳುತ್ತಾರೆ. ತುರಿಕೆ, ಉರಿ, ವಾಸನೆ ಇಲ್ಲದಿದ್ದರೆ ಅದು ಸೋಂಕಲ್ಲ, ಒಳ್ಳೆಯ ಸುದ್ದಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಎಲ್‌ಎಚ್ ಪಟ್ಟಿಯನ್ನೂ ಬಳಸಬಹುದು: 17ನೇ ದಿನದಿಂದ ದಿನಾ ಮಧ್ಯಾಹ್ನದ ಮೂತ್ರದಲ್ಲಿ ನೋಡಿ. ಎರಡನೇ ಗೆರೆ ಮೊದಲ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾದರೆ ಒಂದು, ಒಂದೂವರೆ ದಿನದಲ್ಲಿ ಮೊಟ್ಟೆ ಬರುತ್ತದೆ ಅಂತ ಅರ್ಥ. ಆದರೆ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇರುವವರಲ್ಲಿ ಎಲ್‌ಎಚ್ ಯಾವಾಗಲೂ ಸ್ವಲ್ಪ ಏರಿರುವುದರಿಂದ ಪಟ್ಟಿ ಸುಳ್ಳು ಹೇಳುತ್ತದೆ. ನನ್ನನ್ನು ಕೇಳಿದರೆ ಆ ದುಡ್ಡು ಉಳಿಸಿ, ದಿನ ಬಿಟ್ಟು ದಿನದ ಲೆಕ್ಕವೇ ಸಾಕು.

ಪಿಸಿಒಎಸ್ ಮಾತು ಬಂತು. ಮದುವೆಗೆ ಮುಂಚೆಯೂ ನಿಮ್ಮ ಮುಟ್ಟು 35ರಿಂದ 40 ದಿನ ಹಿಡಿಯುತ್ತಿತ್ತು. 35 ದಾಟುವ ಸುತ್ತನ್ನು ವೈದ್ಯರು ಅನಿಯಮಿತ ಅಂತಲೇ ಹಿಡಿಯುತ್ತಾರೆ. ನಾಲ್ಕು ವರ್ಷ ಪಟ್ಟಿ ಅದರ ಮೇಲೆ ಹೊದಿಕೆ ಹಾಕಿತ್ತು, ಈಗ ಹೊದಿಕೆ ತೆಗೆದಿದ್ದೀರಿ, ಕೆಳಗಿದ್ದದ್ದೇ ಕಾಣುತ್ತಿದೆ. ಗುಳಿಗೆ ಬಿಟ್ಟವರು ನನ್ನ ಮುಟ್ಟು ಕೆಟ್ಟಿತು ಅನ್ನುವುದರಲ್ಲಿ ಬಹುಪಾಲು ಕಥೆ ಇದೇ. ನಿಮಗೆ ಪಿಸಿಒಎಸ್ ಇದೆ ಅಂತ ನಾನು ಹೇಳುತ್ತಿಲ್ಲ. ಆ ಹೆಸರು ಬರಬೇಕಾದರೆ ಮೂರರಲ್ಲಿ ಎರಡು ಬೇಕು: ಮುಟ್ಟಿನ ಏರುಪೇರು, ಗದ್ದ, ಎದೆ, ಹೊಟ್ಟೆಯಲ್ಲಿ ಒರಟು ಕೂದಲು ಅಥವಾ ರಕ್ತದಲ್ಲಿ ಗಂಡು ಹಾರ್ಮೋನು ಹೆಚ್ಚು, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆ. ಬರೀ ಸ್ಕ್ಯಾನಿಂಗ್ ಚೀಟಿಯಲ್ಲಿ "ಪಿಸಿಒಡಿ" ಅಂತ ಬರೆದ ಮಾತ್ರಕ್ಕೆ ಕಾಯಿಲೆಯಲ್ಲ. ಹಾರ್ಮೋನು ಪರೀಕ್ಷೆ ಗುಳಿಗೆ ಬಿಟ್ಟು ಮೂರು ತಿಂಗಳಾದ ಮೇಲೆ ಮಾಡಿಸಿದರಷ್ಟೇ ನಂಬಬಹುದು, ನಿಮಗೆ ಆ ಗಡುವು ಮುಗಿದಿದೆ. ಥೈರಾಯ್ಡ್ ಮತ್ತು ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೂಡ ಮುಟ್ಟನ್ನು ಹಿಂದಕ್ಕೆ ತಳ್ಳುವುದರಿಂದ ಅವೆರಡನ್ನೂ ಒಟ್ಟಿಗೇ ನೋಡಬೇಕು. ತೂಕ ಹೆಚ್ಚಿದ್ದು ಪಿಸಿಒಎಸ್ ಇದ್ದರೆ ತೂಕದ 100ಕ್ಕೆ 5 ಪಾಲು ಇಳಿಸಿದರೂ, ಅಂದರೆ 70 ಕೆಜಿಗೆ ಮೂರೂವರೆ ಕೆಜಿ, ಹಲವರಲ್ಲಿ ಮೊಟ್ಟೆ ತಾನಾಗಿ ಬರಲು ಶುರುವಾಗುತ್ತದೆ.

ಅಂಡಾಶಯದಲ್ಲಿ ಉಳಿದ ಮೊಟ್ಟೆಗಳ ಅಂದಾಜು ಕೊಡುವ ಎಎಂಎಚ್ ಅಂತ ಇನ್ನೊಂದು ಪರೀಕ್ಷೆ ಈಗ ಲ್ಯಾಬ್‌ಗಳ ಪ್ಯಾಕೇಜಿನಲ್ಲಿ ಸೇರಿಬಿಟ್ಟಿದೆ. ಗುಳಿಗೆ ತಿನ್ನುವಾಗ ಅದು ತಾತ್ಕಾಲಿಕವಾಗಿ ಕಡಿಮೆ ತೋರುತ್ತದೆ, ಬಿಟ್ಟ ಎರಡು ಮೂರು ತಿಂಗಳಲ್ಲಿ ಏರುತ್ತದೆ. ಗುಳಿಗೆಯ ಮೇಲಿರುವಾಗ ಬಂದ ಅಂಕಿ ನೋಡಿ "ಮೊಟ್ಟೆ ಮುಗಿದಿವೆ, ಬೇಗ ಐವಿಎಫ್ ಮಾಡಿಸಿ" ಅಂದರೆ ಒಪ್ಪಬೇಡಿ. ತಾನಾಗಿ ಬಸಿರಾಗುವ ಸಾಧ್ಯತೆಯನ್ನು ಎಎಂಎಚ್ ಹೇಳುವುದೂ ಇಲ್ಲ.

ತೊಳೆಸುವ ಮಾತಿನಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ತೊಳೆಸುವುದು, ವೈದ್ಯರ ಮಾತಿನಲ್ಲಿ ಡಿ ಅಂಡ್ ಸಿ, ಅಂದರೆ ಚೀಲದ ಬಾಯಿ ಅಗಲಿಸಿ ಒಳಪದರ ಕೆರೆದು ತೆಗೆಯುವುದು. ಗರ್ಭಪಾತದ ತುಣುಕು ಒಳಗೆ ಉಳಿದಿದ್ದರೆ ಅದು ಬೇಕಾಗಬಹುದು. ಬಸಿರಾಗಲಿ ಅಂತ ಕೆರೆಸುವುದರಿಂದ ಯಾವ ಲಾಭವೂ ಇಲ್ಲ. ಆ ಪದರ ಪ್ರತಿ ಮುಟ್ಟಿನಲ್ಲೂ ತಾನೇ ಹೋಗಿ ಹೊಸದು ಬರುತ್ತದೆ. ಕೆರೆತ ಆಳವಾದರೆ ಬುಡದ ಪದರವೇ ಹೋಗಿ ಚೀಲದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮುಟ್ಟು ಕಡಿಮೆಯಾಗುತ್ತದೆ, ಕೂಸು ಕೂರಲು ಜಾಗ ಇರದು. ಇಲ್ಲದ ಒಣಗುವಿಕೆಗೆ ಮಾಡಿಸಿದ ಉಪಚಾರದಿಂದ ನಿಜವಾಗಿ ಒಣಗುವುದು ಹೀಗೆ. ಅತ್ತೆಯವರು ನಿಮ್ಮ ಸೋದರತ್ತೆಯೂ ಹೌದು, ಕಾಳಜಿಯಿಂದಲೇ ಹೇಳುತ್ತಿರಬಹುದು. ಇಷ್ಟನ್ನು ಓದಿ ಹೇಳಿ.

ಅದೇ ಸಾಲಿಗೆ ಸೇರುವ ಇನ್ನೊಂದು: ಚೀಟಿ ಇಲ್ಲದೆ ಕೊಡುವ "ಮೊಟ್ಟೆ ಬೆಳೆಯೋ ಗುಳಿಗೆ". ಬಹುತೇಕ ಅದು ಕ್ಲೋಮಿಫಿನ್ ಅಥವಾ ಲೆಟ್ರೊಜೋಲ್ ಆಗಿರುತ್ತದೆ. ಎರಡೂ ಒಳ್ಳೆಯ ಔಷಧಗಳೇ, ಆದರೆ ಬಸಿರಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮುಟ್ಟಿನ ಗೊತ್ತಾದ ದಿನಕ್ಕೆ ಶುರು ಮಾಡಿ ಐದು ದಿನ ಕೊಟ್ಟು, ಸ್ಕ್ಯಾನಿಂಗ್‌ನಲ್ಲಿ ಮೊಟ್ಟೆ ಬೆಳೆದದ್ದು ನೋಡಬೇಕು. ನೋಡದೆ ನುಂಗಿದರೆ ಅವಳಿ, ತ್ರಿವಳಿ ನಿಲ್ಲಬಹುದು, ಅಂಡಾಶಯ ಊದಬಹುದು.

ಗುಳಿಗೆ, ಇಂಜೆಕ್ಷನ್ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೂ ಊರಲ್ಲಿ ಭಯ ಹಬ್ಬುತ್ತದೆ, ಹಾಗಾಗಿ ಬೇರೆ ಬೇರೆ ಮಾಡಿಡುತ್ತೇನೆ. ಅಂತರಾ ಅನ್ನುವುದು ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ, 150 ಮಿಲಿಗ್ರಾಂ ಎಂಪಿಎ ಹಾರ್ಮೋನಿನ ಇಂಜೆಕ್ಷನ್. ಅದು ನಿಜಕ್ಕೂ ನಿಧಾನವಾಗಿ ಬಿಡುತ್ತದೆ, ಕೊನೆಯ ಸೂಜಿಯಿಂದ ಎಣಿಸಿದರೆ ಬಸಿರಿಗೆ ಸಾಮಾನ್ಯವಾಗಿ 7ರಿಂದ 10 ತಿಂಗಳು, ಕೆಲವರಿಗೆ ಒಂದು ವರ್ಷದ ಮೇಲೂ ಹಿಡಿಯುತ್ತದೆ. ಶಾಶ್ವತ ತೊಂದರೆ ಅದರಿಂದಲೂ ಇಲ್ಲ, ಆದರೆ ಮುಂದಿನ ವರ್ಷವೇ ಮಗು ಬೇಕು ಅನ್ನುವವರು ಆ ಸೂಜಿ ತೆಗೆದುಕೊಳ್ಳಬಾರದು. ಛಾಯಾ ಅನ್ನುವ ಬಸಿರು ತಡೆಯುವ ಗುಳಿಗೆ ಹಾರ್ಮೋನೇ ಅಲ್ಲ, 30 ಮಿಲಿಗ್ರಾಂನ ಸೆಂಟ್‌ಕ್ರೋಮನ್. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ತಿನ್ನುವಾಗಲೇ ಮುಟ್ಟು ಹಿಂದಕ್ಕೆ ಹೋಗುವುದುಂಟು, ಬಿಟ್ಟ ಮೇಲೆ ಒಂದೆರಡು ಸುತ್ತಿನಲ್ಲಿ ಸರಿಹೋಗುತ್ತದೆ. ಕಾಪರ್-ಟಿ ತೆಗೆಸಿದ ತಿಂಗಳಲ್ಲೇ ಬಸಿರಾಗಬಹುದು.

ಇನ್ನು ಜಾತ್ರೆಯ ಗುಳಿಗೆ. ಹುಲಿಗಿ ಹುಲಿಗೆಮ್ಮನ ಜಾತ್ರೆಗೋ ಕೊಪ್ಪಳದ ಗವಿಮಠದ ತೇರಿಗೋ ಮನೆಯ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತರುವುದು ನಾರೆಥಿಸ್ಟೆರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು. ಅದು ಬಸಿರು ತಡೆಯುವ ಗುಳಿಗೆಯಲ್ಲ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಮಗುವಿಗೆ ಪ್ರಯತ್ನಿಸುತ್ತಿರುವ ತಿಂಗಳಲ್ಲಿ ಅದನ್ನು ನುಂಗಬೇಡಿ. ಮುಟ್ಟು ನಿಂತದ್ದು ಗುಳಿಗೆಯಿಂದಲೋ ಬಸಿರಿನಿಂದಲೋ ತಿಳಿಯದೆ ಹೋಗುತ್ತದೆ, ನಿಮ್ಮ ಸುತ್ತಿನ ಲೆಕ್ಕವೂ ಕೆಡುತ್ತದೆ.

ನಿಮ್ಮ ಕಾಗದದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ವಿಷಯ ನನಗೆ ಗುಳಿಗೆಗಿಂತ ಮುಖ್ಯವಾಗಿ ಕಾಣುತ್ತದೆ: ಬಾಯ್ಲರ್, ಗುಟ್ಕಾ. ಮಕ್ಕಳಾಗದ ಜೋಡಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಗಂಡಸಿನ ಕಾರಣವೂ ಇರುತ್ತದೆ. ಆದರೂ ನಮ್ಮ ಕಡೆ ಹೆಂಡತಿಗೆ ಹತ್ತು ಪರೀಕ್ಷೆ ಮುಗಿದ ಮೇಲೆ ಗಂಡನ ಸರದಿ. ಕ್ರಮ ಉಲ್ಟಾ ಇರಬೇಕು, ಏಕೆಂದರೆ ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗ, ಸೂಜಿಯಿಲ್ಲ, ನೋವಿಲ್ಲ. ಬೀಜ ಮೈಯಿಂದ ಹೊರಗೆ ತೂಗಿರುವುದೇ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಲಿ ಅಂತ. ಭತ್ತ ಕುದಿಸುವ ಕಡೆ, ಹೊಟ್ಟು ಉರಿಸುವ ಒಲೆಯ ಮುಂದೆ ಪಾಳಿಗಟ್ಟಲೆ ನಿಂತರೆ, ಅದೂ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ, ಆ ತಂಪು ಉಳಿಯದು. ವೀರ್ಯಾಣು ತಯಾರಾಗಲು ಸುಮಾರು 70ರಿಂದ 75 ದಿನ ಬೇಕು. ಹಾಗಾಗಿ ಇಂದು ಪರೀಕ್ಷೆಯಲ್ಲಿ ಕಾಣುವುದು ಮೇ ತಿಂಗಳ ಬಿಸಿ, ಇಂದು ಮಾಡಿದ ಬದಲಾವಣೆಯ ಫಲ ಕಾಣುವುದು ಮೂರು ತಿಂಗಳ ಮೇಲೆ. ಮಾಲೀಕರ ಜೊತೆ ಮಾತಾಡಿ ಮೂರು ನಾಲ್ಕು ತಿಂಗಳು ಪ್ಯಾಕಿಂಗ್ ಅಥವಾ ತೂಕದ ಕಡೆ ಹಾಕಿಸಿಕೊಳ್ಳಲಿ. ಆಗದಿದ್ದರೆ ಪಾಳಿಯ ನಡುವೆ ಹೊರಗೆ ಬಂದು ನಿಲ್ಲಲಿ, ಬಿಗಿಯಾದ ಜೀನ್ಸ್ ಬದಲು ಸಡಿಲ ಹತ್ತಿ ಬಟ್ಟೆ ಹಾಕಲಿ, ಮನೆಯಲ್ಲಿ ಲುಂಗಿ ಉಡಲಿ. ಗುಟ್ಕಾ ಮತ್ತು ಸಾರಾಯಿ ವೀರ್ಯಾಣುವಿನ ಸಂಖ್ಯೆ, ಚಲನೆ ಎರಡನ್ನೂ ಇಳಿಸುತ್ತವೆ. ಭತ್ತ, ಹತ್ತಿ, ಮೆಣಸಿನಕಾಯಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ಕೆಲಸವೂ ಮಾಡುತ್ತಿದ್ದರೆ ಕೈಗವಸು, ಮುಖವಸ್ತ್ರ ಇಲ್ಲದೆ ಬೇಡ, ಆ ಬಟ್ಟೆ ಬೇರೆ ಒಗೆಯಬೇಕು. ಮೈ ಕಟ್ಟಲು ಜಿಮ್‌ನಲ್ಲಿ ಕೊಡುವ ಟೆಸ್ಟೊಸ್ಟೆರೋನ್ ಸೂಜಿ ವೀರ್ಯಾಣುವನ್ನು ಪೂರಾ ನಿಲ್ಲಿಸಬಲ್ಲದು ಅನ್ನುವುದೂ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಪರೀಕ್ಷೆ ಕೆಡುವುದು ಸಣ್ಣ ಸಣ್ಣ ತಪ್ಪಿನಿಂದ. ಎರಡರಿಂದ ಏಳು ದಿನ ಬಿಟ್ಟು ಕೊಡಬೇಕು. ಕಾಂಡೋಮ್‌ನಲ್ಲಿ, ಸಾಬೂನು ಅಥವಾ ಎಣ್ಣೆ ಬಳಸಿ ಹಿಡಿದದ್ದು ಬರುವುದಿಲ್ಲ. ಮೊದಲ ಹನಿ ಹೊರಗೆ ಚೆಲ್ಲಿದರೆ ಲ್ಯಾಬಿನವರಿಗೆ ಹೇಳಿಬಿಡಬೇಕು, ಹೆಚ್ಚಿನ ವೀರ್ಯಾಣು ಇರುವುದು ಅದರಲ್ಲೇ. ಒಂದು ಗಂಟೆಯೊಳಗೆ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು, ಹಾಗಾಗಿ ಊರಿಂದ ಗಂಗಾವತಿಗೆ ಬಸ್ಸಿನಲ್ಲಿ ಡಬ್ಬಿ ಒಯ್ಯುವ ಬದಲು ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ವರದಿಯಲ್ಲಿ ನೋಡಬೇಕಾದ್ದು: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಈಜುವವು 100ಕ್ಕೆ 30, ಸರಿಯಾದ ಆಕಾರದವು 100ಕ್ಕೆ 4. ಇವು ಕೆಳಗಿನ ಗಡಿ. "ಬರೀ 4 ಪರ್ಸೆಂಟ್ ಸರಿಯಾಗಿವೆ" ಅಂತ ಎದೆ ಒಡೆದುಕೊಳ್ಳುವವರು ಬಹಳ, ಆದರೆ ಅದು ಸಾಮಾನ್ಯವೇ. ಹಿಂದಿನ ಮೂರು ತಿಂಗಳಲ್ಲಿ ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದಿದ್ದರೂ ಅಂಕಿ ಕುಸಿದಿರುತ್ತದೆ. ಕಡಿಮೆ ಬಂದರೆ ಒಂದೇ ವರದಿಗೆ ತೀರ್ಪು ಕೊಡದೆ ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ವೀರ್ಯಾಣು ಒಂದೂ ಇಲ್ಲ ಅಂತ ಬಂದರೆ ಮಾತ್ರ ಕಾಯಬೇಡಿ.

ನಿಮ್ಮ ಕಡೆಯಿಂದ ಈಗಲೇ ಶುರುವಾಗಬೇಕಾದ್ದು ಫೋಲಿಕ್ ಆಮ್ಲ, ದಿನಕ್ಕೆ 400 ಮೈಕ್ರೊಗ್ರಾಂ, ಅಂದರೆ 0.4 ಮಿಲಿಗ್ರಾಂ. ಮಗುವಿನ ಬೆನ್ನುಹುರಿಯ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಬಿಡುತ್ತದೆ, ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ಬಸಿರು ಗೊತ್ತಾದ ಮೇಲೆ ಶುರು ಮಾಡಿದರೆ ತಡವಾಗಿರುವುದು ಅದಕ್ಕೇ. ಅಂಗಡಿಯಲ್ಲಿ ಹೆಚ್ಚಾಗಿ ಕೈಗೆ ಕೊಡುವುದು 5 ಮಿಲಿಗ್ರಾಂ. ಅದು ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆ ರೋಗದ ಔಷಧ ತಿನ್ನುವವರಿಗೆ, ಹಿಂದೆ ಬೆನ್ನುಹುರಿಯ ದೋಷದ ಮಗು ಆದವರಿಗೆ, ತೂಕ ಬಹಳ ಇರುವವರಿಗೆ. ನಿಮಗೆ ಸಣ್ಣದು ಸಾಕು, ಕೇಳಿ ಪಡೆಯಿರಿ. ಹಿಮೋಗ್ಲೋಬಿನ್ ನೋಡಿಸಿ, 12ಕ್ಕಿಂತ ಕೆಳಗಿದ್ದರೆ ಬಸಿರಿಗೆ ಮುಂಚೆಯೇ ಏರಿಸಿಕೊಳ್ಳಿ. ಗುಳಿಗೆ ತಿನ್ನುವಾಗ ರಕ್ತ ಕಡಿಮೆ ಹೋಗುತ್ತಿತ್ತು, ಪಟ್ಟಿಯ ಏಳು ಕಬ್ಬಿಣದ ಗುಳಿಗೆಯೂ ಸಿಗುತ್ತಿದ್ದವು. ಈಗ ಹೋಗುವುದು ಹೆಚ್ಚಿದೆ, ಬರುವುದು ನಿಂತಿದೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಒಂದು ತಾಸು ಹಿಂದಕ್ಕೆ ಹಾಕಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡದು. ಥೈರಾಯ್ಡ್ ಗುಳಿಗೆ ತಿನ್ನುವವರು ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿಯನ್ನು 2.5ರ ಕೆಳಗೆ ತಂದುಕೊಂಡು ಪ್ರಯತ್ನಿಸಬೇಕು. ಬಿಪಿ, ಮೂರ್ಛೆ, ಮೊಡವೆಗೆ ದಿನಾ ಔಷಧ ತಿನ್ನುತ್ತಿದ್ದರೆ ಅದು ಬಸಿರಿನಲ್ಲಿ ನಡೆಯುತ್ತದೆಯೇ ಅಂತ ಕೇಳಿಯೇ ಮುಂದುವರಿಯಿರಿ, ಸ್ವಂತಕ್ಕೆ ನಿಲ್ಲಿಸಲೂ ಬೇಡಿ.

ಸೋದರತ್ತೆಯ ಮಗನನ್ನು ಮದುವೆಯಾದದ್ದರಿಂದ ಬಸಿರು ತಡವಾಗುವುದಿಲ್ಲ. ಬೇರೆ ಒಂದು ಎಚ್ಚರ ಬೇಕು: ಸಾಮಾನ್ಯ ಜೋಡಿಗಳಲ್ಲಿ 100ಕ್ಕೆ 2–3 ಮಕ್ಕಳಿಗೆ ಹುಟ್ಟುದೋಷ ಇದ್ದರೆ ಇಷ್ಟು ಹತ್ತಿರದ ಸಂಬಂಧದಲ್ಲಿ ಅದು 4–6 ಆಗುತ್ತದೆ. ಎರಡೂ ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿದ ಮಕ್ಕಳು, ಕಿವುಡು, ಬುದ್ಧಿ ಕುಂಠಿತ, ಪದೇಪದೇ ರಕ್ತ ಹಾಕಿಸಿಕೊಳ್ಳುವವರು ಇದ್ದರೆ ಈಗಲೇ ವೈದ್ಯರಿಗೆ ಹೇಳಿ. ಇಬ್ಬರಲ್ಲಿ ಒಬ್ಬರಿಗಾದರೂ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ಥಲಸ್ಸೀಮಿಯಾ ಅನ್ನುವ ವಂಶದ ರಕ್ತ ಕಾಯಿಲೆಯ ವಾಹಕರೇ ಅನ್ನುವುದು ತಿಳಿಯುತ್ತದೆ. ಬಸಿರಾದ ಮೇಲೆ 18ರಿಂದ 20 ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ.

ಗುಳಿಗೆ ಬಿಟ್ಟು ಮೂರು ತಿಂಗಳು ಬಸಿರಾಗಬಾರದು, ಮೈ ಶುದ್ಧವಾಗಲಿ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದೀತು. ಬೇಕಿಲ್ಲ. ಬಿಟ್ಟ ತಿಂಗಳಲ್ಲೇ ನಿಂತರೂ ಗರ್ಭಪಾತವೋ ದೋಷವೋ ಹೆಚ್ಚುವುದಿಲ್ಲ. ಒಂದು ಮುಟ್ಟು ನೋಡಿ ಅನ್ನುತ್ತಿದ್ದದ್ದು ದಿನ ಎಣಿಸಲು ಸುಲಭ ಅಂತಷ್ಟೇ. ಈಗ 11ರಿಂದ 13 ವಾರದೊಳಗಿನ ಸ್ಕ್ಯಾನಿಂಗ್ ಆ ಲೆಕ್ಕ ಸರಿಮಾಡಿಕೊಡುತ್ತದೆ. ನಿಮ್ಮ ಹಾಗೆ ಸುತ್ತು ಉದ್ದ ಇರುವವರಿಗೆ ಇದು ಇನ್ನೂ ಮುಖ್ಯ. ಮುಟ್ಟಿನ ತಾರೀಖಿನಿಂದ ಎಣಿಸಿದರೆ ನಿಮ್ಮ ಮಗು ಹತ್ತು ದಿನ ಸಣ್ಣದಾಗಿ ಕಂಡು, "ಬೆಳವಣಿಗೆ ಕಡಿಮೆ", "ದಿನ ಮೀರಿದೆ" ಅಂತ ಸುಮ್ಮನೆ ಗಾಬರಿಯಾಗುತ್ತದೆ.

ಎಷ್ಟು ಕಾಯಬೇಕು? 35ರ ಒಳಗಿನವರಿಗೆ, ಮುಟ್ಟು ಸರಿಯಿದ್ದರೆ, ಒಂದು ವರ್ಷ. 35 ದಾಟಿದವರಿಗೆ ಆರು ತಿಂಗಳು. 40 ದಾಟಿದವರು ಗುಳಿಗೆ ಬಿಟ್ಟ ದಿನವೇ ವೈದ್ಯರನ್ನು ಕಾಣಲಿ. ಗುಳಿಗೆ ಬಿಟ್ಟು ಮೂರು ತಿಂಗಳಾದರೂ ಮುಟ್ಟೇ ಬರದವರು, ಹಿಂದೆ ಟಿಬಿ ಬಂದವರು, ಕಿಬ್ಬೊಟ್ಟೆಯ ಸೋಂಕಿಗೋ ಅಪೆಂಡಿಕ್ಸ್ ಒಡೆದೋ ಆಸ್ಪತ್ರೆ ಸೇರಿದ್ದವರು, ಮುಟ್ಟಿನಲ್ಲಿ ಹಾಸಿಗೆ ಹಿಡಿಯುವಷ್ಟು ನೋವಿರುವವರು, ಗಂಡನಿಗೆ ಬೀಜದ ಶಸ್ತ್ರಚಿಕಿತ್ಸೆ ಆಗಿರುವವರು ಈ ಗಡುವು ನೋಡುವಂತಿಲ್ಲ. ಟಿಬಿ ಹೊಟ್ಟೆಯೊಳಗೆ ಸದ್ದಿಲ್ಲದೆ ಮೊಟ್ಟೆ ಸಾಗುವ ನಾಳ ಮುಚ್ಚಿಸುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ನಿಮ್ಮ ಸುತ್ತು 35 ದಾಟುವುದರಿಂದ ನೀವೂ ವರ್ಷ ಕಾಯಬೇಕಿಲ್ಲ. ಈ ತಿಂಗಳೇ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಸಕ್ಕರೆ, ಒಂದು ಸ್ಕ್ಯಾನಿಂಗ್, ಗಂಡನ ವೀರ್ಯ ಪರೀಕ್ಷೆ ಮಾಡಿಸಿ. ತಾಲೂಕು ಆಸ್ಪತ್ರೆಯಲ್ಲಿ ಸಿಗದ್ದಕ್ಕೆ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮೊಟ್ಟೆ ಬಂತೇ ಅಂತ ನೋಡುವ ಪ್ರೊಜೆಸ್ಟೆರೋನ್ ಪರೀಕ್ಷೆಯನ್ನು ಬರೆದುಕೊಟ್ಟರೆ "21ನೇ ದಿನ" ಅನ್ನುವುದು ನಿಮಗೆ ಹೊಂದದು, ಮತ್ತದೇ 28ರ ಲೆಕ್ಕ. ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ, ಅಂದರೆ ನಿಮ್ಮ 30 ಅಥವಾ 31ನೇ ದಿನ ರಕ್ತ ಕೊಡಿ. 3 ನ್ಯಾನೊಗ್ರಾಂಗಿಂತ ಮೇಲಿದ್ದರೆ ಮೊಟ್ಟೆ ಬಂದಿದೆ. ಇವೆಲ್ಲ ಸರಿಯಿದ್ದು, ಸರಿಯಾದ ದಿನಗಳಲ್ಲಿ ಸೇರಿ ಇನ್ನು ನಾಲ್ಕು ಸುತ್ತು ಕಳೆದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರು ಮುಂದಿನದು ನೋಡುತ್ತಾರೆ: ಮೊಟ್ಟೆಗೆ ಔಷಧ, ಆಮೇಲೆ ನಾಳ ತೆರೆದಿವೆಯೇ ಅಂತ ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ. ಅದನ್ನು ಮುಟ್ಟು ನಿಂತ ಮೇಲೆ, ಮೊಟ್ಟೆ ಬರುವ ಮುಂಚೆ ಮಾಡುತ್ತಾರೆ. ಮುಟ್ಟಿನ ತಾರೀಖು ಬರೆದ ಹಾಳೆ ಮತ್ತು ಗಂಡ, ಎರಡನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಬಸಿರು ಪರೀಕ್ಷೆಗೂ ನಿಮಗೆ 28 ದಿನದ ಲೆಕ್ಕ ಬೇಡ. 40 ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಆಶಾ ಅಕ್ಕ ಕೊಡುವ ನಿಶ್ಚಯ್ ಕಿಟ್ ಹಾಕಿ, ಐದು ನಿಮಿಷಕ್ಕೆ ಓದಿ. ಅರ್ಧ ತಾಸು ಬಿಟ್ಟು ನೋಡಿದಾಗ ಕಾಣುವ ಮಸುಕು ಗೆರೆ ಲೆಕ್ಕಕ್ಕಿಲ್ಲ. ಒಂದೇ ಗೆರೆ ಬಂದು ಮುಟ್ಟೂ ಬರದಿದ್ದರೆ ವಾರ ಬಿಟ್ಟು ಮತ್ತೆ ಹಾಕಿ. ಎರಡು ಗೆರೆ ಬಂದ ಮೇಲೆ ಕಿಬ್ಬೊಟ್ಟೆಯ ಒಂದೇ ಪಕ್ಕ ನೋವು, ಕಲೆ ಕಾಣುವುದು, ತಲೆಸುತ್ತು ಇದ್ದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದಕ್ಕೆ ಬೆಳಗಾಗುವವರೆಗೂ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.